ನಾಲ್ಕು ಬೆರಳು ಇಳಿದ ಸಾಕೆ ಬಾಟಲಿ

ಗೆಳೆಯರೇ, ಇಂದು ಬೆಳಿಗ್ಗೆ ಫ್ರಿಜ್ ತೆಗೆದರೆ ಸಾಕೆ ಬಾಟಲಿ ನಾಲ್ಕು ಬೆರಳು ಇಳಿದಿತ್ತು. ಸಾಕೆ ಎಂದರೆ ಅಕ್ಕಿಯಿಂದ ಮಾಡುವ ಜಪಾನಿನ ಮದ್ಯ. ನನ್ನ ಜೊತೆ ಓದುವ ಜಪಾನಿ ಗೆಳತಿ, "ನಮ್ಮೂರಿನದು, ಹೊರಗೆ ಯಾರಿಗೂ ಗೊತ್ತಿಲ್ಲ, ರುಚಿ ಹೇಗಿದೆ ಬರೆದು ಕಳಿಸು" ಎಂದು ಕೊಟ್ಟಿದ್ದಳು. ಗಂಜಿ ತಿಳಿಯಂತೆ ಬೆಳ್ಳಗಿದ್ದ ಅದನ್ನು ನಿನ್ನೆ ಒಂದೇ ಗುಟುಕು ಕುಡಿದೆ; ಬರೆಯಲು ಮಾತು ಹೊಳೆಯಲಿಲ್ಲ. ಧಾರವಾಡದಿಂದ ಇಲ್ಲಿ ಹ್ಯಾಮಿಲ್ಟನ್‌ನ ನಮ್ಮ ಮನೆಗೆ ಬಂದಿರುವ ಅತ್ತೆ ಕೇಳಿದಾಗ ಹೆದರಿ "ಅಕ್ಕಿ ನೀರು" ಎಂದುಬಿಟ್ಟೆ.

ಮೊದಲ ಅನುಮಾನ ಗಂಡನ ಮೇಲೆ. "ನನ್ನ ಯಾಕ ನೋಡ್ತಿ? ಥೀಸಿಸ್ ಟೆನ್ಶನ್ ಇರೋದು ಯಾರಿಗೆ?" ಎಂದರು.

ಅಷ್ಟರಲ್ಲಿ ಅತ್ತೆ ಹತ್ತಿಯಂಥ ಇಡ್ಲಿ ತಂದಿಟ್ಟರು. "ಈ ಹ್ಯಾಮಿಲ್ಟನ್ ಥಂಡಿಗೆ ಹಿಟ್ಟು ಉಬ್ಬವಲ್ದು. ನಿನ್ನ ಅಕ್ಕಿ ನೀರು ಎರಡ ಚಮಚ ಹಾಕಿದೆ ನೋಡವಾ."

"ರುಚಿ ನೋಡಿದ್ರೇನು?"

"ಬರೇ ನಾಲಿಗಿಗೆ ಹಚ್ಚಿದೆ. ಮೊದಲ ಸಿಹಿ, ಆಮ್ಯಾಲ ಹುಳಿ, ಕಡೀಕ ಎದಿಯೊಳಗ ಬೆಚ್ಚಗ. ಮುಂಜಾನೆ ಎದ್ರ ಮೊಣಕಾಲ ನೋವ ಇಲ್ಲ!"

ಅದನ್ನೇ ಇಂಗ್ಲಿಷಿನಲ್ಲಿ ಬರೆದು ಗೆಳತಿಗೆ ಕಳಿಸಿದೆ. ನಾಲಿಗೆಗೆ ಹಚ್ಚಿದ್ದು ಮೊಣಕಾಲಿನವರೆಗೆ ಹೇಗೆ ಇಳಿಯಿತು ಎಂದು ಮಾತ್ರ ಅತ್ತೆಯನ್ನು ಕೇಳಲಿಲ್ಲ. ಅಕ್ಕಿ ನೀರು ಎಂದವಳು ನಾನೇ ತಾನೆ?