ಸುಬೇದಾರರು ತಿದ್ದಿಸಿದ ಒಂಬತ್ತು

ಜೋಗುಪಾಳ್ಯದ ಮುನಿರಾಜಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರು ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಯ ಕೋಪವಾಗಿದ್ದರೆ ಒಂದು ಸೀನಿಗೆ ಉದುರಿ ಹೋಗುತ್ತಿತ್ತು. ಅವನದು ಹನ್ನೊಂದು ವರ್ಷ ಹಳೆಯ ಕೋಪ, ಅದಕ್ಕೊಂದು ಹೆಸರೂ ಇತ್ತು. ಸೂರ್ಯ.

ಮುನಿರಾಜಪ್ಪ ಸೇನೆಯಲ್ಲಿ ಹವಾಲ್ದಾರನಾಗಿದ್ದವನು. ಗಡಿಯ ನೆಲಬಾಂಬು ತೆಗೆಯುವುದು ಅವನ ಕೆಲಸ. ಇಂಚಿಂಚು ನೆಲ ತಡವಿ ನೋಡಿ, ಬಾಂಬಿಲ್ಲವೆಂದು ಖಾತ್ರಿಯಾದ ಜಾಗಕ್ಕೆ ಎರಡೂ ಬದಿಗೆ ಬಿಳಿ ಟೇಪು ಎಳೆಯಬೇಕು. ಟೇಪಿನ ಆಚೆ ಯಾರೂ ಕಾಲಿಡಕೂಡದು. ಇಪ್ಪತ್ತೆರಡು ವರ್ಷದ ಸಿಪಾಯಿ ಸೂರ್ಯ ಒಂದು ಬೆಳಿಗ್ಗೆ ಕಾಲಿಟ್ಟ. ಪಾದ ಹೋಯಿತು. "ಅಲ್ಲಾಡ್ಬೇಡ, ಇದ್ದಲ್ಲೇ ಇರು" ಎಂದು ಮುನಿರಾಜಪ್ಪ ಗಂಟಲು ಹರಿಯುವಂತೆ ಕೂಗಿದ. ನೋವಿಗೆ ಹುಡುಗ ಹೊರಳಿಬಿಟ್ಟ. ಹೊರಳಿದ ಕಡೆ ಎರಡನೆಯ ಬಾಂಬಿತ್ತು. ಮುನಿರಾಜಪ್ಪ ಅವನನ್ನು ಹೊತ್ತು ತರಲಿಲ್ಲ, ಕಂಬಳಿಯಲ್ಲಿ ಆಯ್ದು ತಂದ. ಅವನಿಗೆ ಸಿಟ್ಟು ಬಂದದ್ದು ಬಾಂಬಿಟ್ಟವರ ಮೇಲಲ್ಲ, ಹೇಳಿದ ಮಾತು ಕೇಳದ ಆ ಹುಡುಗನ ಮೇಲೆ. ಸತ್ತವನ ಕೆನ್ನೆಗೆ ಬಾರಿಸಲಾಗುವುದಿಲ್ಲ. ಅದಕ್ಕೆ ಬದುಕಿರುವವರು ಸಿಕ್ಕರು.

ನಿವೃತ್ತನಾಗಿ ಮಹದೇವಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆದ ಮೇಲೆ ಅವನು ಮನೆಯಲ್ಲಿ ಮೊದಲು ಟೀವಿ ಒಡೆದ, ಆಮೇಲೆ ಬಚ್ಚಲ ಬಾಗಿಲು. ಮೂರನೆಯದು ಯಾವುದೆಂದು ಹೆಂಡತಿ ಆದಿಲಕ್ಷ್ಮಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹದಿನಾರರ ಮಗಳು ತೇಜಶ್ರೀಯನ್ನು ಕರೆದುಕೊಂಡು ಕೆ.ಆರ್. ಪುರದ ಅಣ್ಣನ ಮನೆಗೆ ಹೊರಟುಬಿಟ್ಟಳು. ಹೋಗುವಾಗ ಹೇಳಿದ್ದು ಇಷ್ಟೇ: "ಟ್ರೀಟ್‌ಮೆಂಟ್ ತಗೋ. ವಾಸಿಯಾಗಿದೆ ಅಂತ ಟ್ರೀಟ್‌ಮೆಂಟ್ ಕೊಡೋರೇ ನನಗೆ ಹೇಳ್ಬೇಕು. ನಿನ್ ಬಾಯಿಂದ ಕೇಳಲ್ಲ."

ಮಗಳೆಂದರೆ ಅವನಿಗೆ ಜೀವ. ಅವಳಿಲ್ಲದ ಮನೆಯಲ್ಲಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಹಲಸೂರು ಮಾರುಕಟ್ಟೆಯ ಹಿಂದೆ ಒಂದು ಟ್ರಸ್ಟಿನವರು ಮಾಜಿ ಸೈನಿಕರಿಗಾಗಿ ಮಹಡಿಯ ಮೇಲೆ ನಡೆಸುತ್ತಿದ್ದ ಶನಿವಾರದ ಗುಂಪಿಗೆ ಸೇರಿಕೊಂಡ.

ಗುಂಪು ನಡೆಸುತ್ತಿದ್ದವಳು ಬುಷ್ರಾ, ಫ್ರೇಜರ್ ಟೌನಿನವಳು, ಮೂವತ್ತರ ಮನಶ್ಶಾಸ್ತ್ರಜ್ಞೆ. ಏಳು ಗಂಡಸರನ್ನು ಸುತ್ತ ಕೂರಿಸಿ, ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್ ಕೊಟ್ಟಳು. ಸಿಟ್ಟು ಬಂದಾಗೆಲ್ಲ ಏನಾಯಿತು, ತಲೆಯಲ್ಲಿ ಯಾವ ಚಿತ್ರ ಬಂತು, ಕೈ ಏನು ಮಾಡಿತು ಎಂದು ಬರೆಯಬೇಕು. ಕೊನೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಕೊಡಬೇಕು. "ಏಳು ದಾಟಿದ್ರೆ ಶನಿವಾರದವರೆಗೂ ಕಾಯ್ಬೇಡಿ, ನನಗೆ ಫೋನ್ ಮಾಡಿ. ಇನ್ನೊಂದು ವಿಷ್ಯ, ಇಲ್ಲಿ ಯಾರಿಗೂ ರ‍್ಯಾಂಕ್ ಇಲ್ಲ. ಎಲ್ಲರೂ ಈಕ್ವಲ್" ಎಂದಳು.

ಎಲ್ಲರೂ ತಲೆಯಾಡಿಸಿದರು. ಚಹಾ ಕುಡಿಯುವಷ್ಟರಲ್ಲಿ ಯಾರು ಯಾವ ವರ್ಷ ಸೇರಿದ್ದು, ಯಾವ ಹುದ್ದೆಯಲ್ಲಿ ಬಿಟ್ಟದ್ದು ಎಲ್ಲ ಹೊರಬಿತ್ತು. ಮತ್ತೆ ಕೂರುವಾಗ ಫ್ಯಾನಿನ ಕೆಳಗಿನ ಕುರ್ಚಿ ಹೊರಮಾವಿನ ಚಂದ್ರಾಮಪ್ಪನವರಿಗೆ ಸಂದಿತ್ತು. ಅವರು ನಿವೃತ್ತ ಸುಬೇದಾರರು. ಉಳಿದ ಆರು ಜನವೂ ಅವರಿಗಿಂತ ಕೆಳಗಿನವರು. ಕಾಲೇಜಿನಲ್ಲಿ ಏನೇನೋ ಓದಿ ಬಂದ ಬುಷ್ರಾಗೆ ಕುರ್ಚಿ ಬದಲಾದದ್ದು ಕಾಣಲಿಲ್ಲ.

ಸೇನೆಯಲ್ಲಿ ಒಂದು ಪದ್ಧತಿಯಿದೆ. ಆಫೀಸರ್ ಇನ್‌ಸ್ಪೆಕ್ಷನ್ನಿಗೆ ಬರುವ ಮೊದಲು ಸುಬೇದಾರ್ ಒಂದು ಸುತ್ತು ಹಾಕುತ್ತಾನೆ. ಗುಂಡಿ ಸಡಿಲವಿದ್ದರೆ, ಬೂಟಿಗೆ ಮಣ್ಣಿದ್ದರೆ, ಅವನೇ ಬೈದು ಸರಿ ಮಾಡಿಸುತ್ತಾನೆ. ತನ್ನ ಹುಡುಗರು ಆಫೀಸರ್ ಮುಂದೆ ತಲೆ ತಗ್ಗಿಸಬಾರದು. ಒಳ್ಳೆಯ ಸುಬೇದಾರನ ಲಕ್ಷಣವೇ ಅದು, ಮತ್ತು ಚಂದ್ರಾಮಪ್ಪ ಬಹಳ ಒಳ್ಳೆಯ ಸುಬೇದಾರರಾಗಿದ್ದರು. ಎರಡನೆಯ ಶನಿವಾರದಿಂದಲೇ ಮಹಡಿಯ ಕೆಳಗಿನ ಟೀ ಅಂಗಡಿಯಲ್ಲಿ ಒಂಬತ್ತೂವರೆಗೆ ಕುಳಿತು, ಕನ್ನಡಕ ಏರಿಸಿ, ಉಳಿದ ಆರೂ ಜನರ ಸಿಟ್ಟಿನ ಪುಸ್ತಕಗಳನ್ನು ತಪಾಸಣೆ ಮಾಡತೊಡಗಿದರು. ಯಾಕೆಂದು ಯಾರೂ ಕೇಳಲಿಲ್ಲ. ಇಪ್ಪತ್ತು ವರ್ಷ ಹಾಗೆ ಬದುಕಿದವರಿಗೆ ಕೇಳಬಹುದೆಂದೇ ಹೊಳೆಯುವುದಿಲ್ಲ.

ಐದನೆಯ ವಾರ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಹೊಸದಾಗಿ ಸಿಮೆಂಟು ಹಾಕಿದ್ದರು. ಮುನಿರಾಜಪ್ಪ ಸುತ್ತ ಹಗ್ಗ ಕಟ್ಟಿ, ಯಾರೂ ತುಳಿಯಬೇಡಿ ಎಂದು ಬೆಳಗಿನಿಂದ ಕೂಗುತ್ತಿದ್ದ. ಮಧ್ಯಾಹ್ನ ಒಬ್ಬ ಪ್ಲಂಬರ್ ಫೋನಿನಲ್ಲಿ ಮಾತಾಡುತ್ತ ಹಗ್ಗ ದಾಟಿದ. ಮುಂದಿನದು ಮುನಿರಾಜಪ್ಪನಿಗೆ ಪೂರ್ತಿ ನೆನಪಿಲ್ಲ. ಮೂರು ಜನ ಸೇರಿ ಬಿಡಿಸಿದಾಗ ಅವನು ಆ ಮನುಷ್ಯನ ಎದೆಯ ಮೇಲೆ ಮಂಡಿಯೂರಿ ಕೂತಿದ್ದನಂತೆ. ಪ್ಲಂಬರ್ ಅಳುತ್ತಿದ್ದ.

ಆ ಸಂಜೆ ಅವನು ಪುಸ್ತಕ ತೆಗೆದು, ಜೀವನದಲ್ಲಿ ಮೊದಲ ಸಲ ನಿಜ ಬರೆದ. ಹಗ್ಗ, ಸಿಮೆಂಟು, ಸೂರ್ಯ. 'ಅವನು ಅಲ್ಲಾಡಿದರೆ ಸಾಯುತ್ತಾನೆ ಅನ್ನಿಸಿತು, ಅದಕ್ಕೆ ಅದುಮಿ ಹಿಡಿದೆ. ಬೇರೆ ಯಾರಾಗಿದ್ದರೂ ಹಿಡಿಯುತ್ತಿದ್ದೆ. ನನಗೆ ಭಯವಾಗಿದೆ.' ಕೆಳಗೆ ಒಂಬತ್ತು ಎಂದು ಬರೆದ. ಫೋನ್ ಮಾಡಲು ನಾಚಿಕೆಯಾಯಿತು. ಶನಿವಾರ ಮೇಡಂ ಓದುತ್ತಾರಲ್ಲ ಎಂದುಕೊಂಡ. ಎದೆ ಹಗುರವಾಗಿತ್ತು.

ಶನಿವಾರ ಚಂದ್ರಾಮಪ್ಪ ಅದನ್ನು ಓದಿ ಟೀ ಲೋಟ ಕೆಳಗಿಟ್ಟರು.

"ಏನೋ ಇದು, ಒಂಬತ್ತು?"

"ಆಗಿದ್ದು ಅದೇ ಸಾಬ್."

"ಆಗಿದ್ದೆಲ್ಲಾ ಬರೀತಾರೇನೋ? ಭಯ ಅಂತ ಬೇರೆ ಬರ್ದಿದ್ದೀಯ. ಹವಾಲ್ದಾರ್ ಆಗಿದ್ದೋನು, ಒಂದು ಹೆಣ್ಣುಮಗು ಮುಂದೆ ಭಯ ಅಂತ ಬರ‍್ಕೊಡ್ತೀಯಾ? ನಾಳೆ ಆ ಯಮ್ಮ ಇದನ್ನ ನಿನ್ ಹೆಂಡ್ತಿಗೆ ಹೇಳಿದ್ರೆ? ಮಗಳು ಬರ‍್ತಾಳಾ ವಾಪಸ್ಸು?"

ಮುನಿರಾಜಪ್ಪ ಪುಸ್ತಕ ವಾಪಸ್ಸು ತೆಗೆದುಕೊಂಡ.

"ಹಾಳೆ ಹರಿ. ಪ್ಲಂಬರ್ ಜೊತೆ ಸಣ್ಣ ಮಾತುಕತೆ ಆಯ್ತು, ನಾನೇ ಸುಮ್ನಾದೆ ಅಂತ ಬರಿ. ಎರಡು ಹಾಕು."

ಅವನು ಹರಿದ. ಬರೆದ. ಎರಡು ಹಾಕಿದ. ಚಂದ್ರಾಮಪ್ಪ ಪ್ರೀತಿಯಿಂದಲೇ ಬೆನ್ನು ತಟ್ಟಿದರು, ಅವನ ಟೀಯನ್ನೂ ತಾವೇ ಹೇಳಿದರು.

ಮೇಲೆ ಬುಷ್ರಾ ಪುಟ ತಿರುವುತ್ತ ಒಂದು ಕ್ಷಣ ನಿಂತಳು. "ಮುನಿರಾಜಪ್ಪ ಅವ್ರೇ, ಇಷ್ಟೇನಾ? ಇನ್ನೇನೂ ಆಗ್ಲಿಲ್ವಾ?" ಎಂದು ಕೇಳಿದಳು. ಅವನು ಫ್ಯಾನಿನ ಕೆಳಗಿನ ಕುರ್ಚಿಯ ಕಡೆ ನೋಡಿ, "ಎಲ್ಲ ಸರಿ ಇದೆ ಮೇಡಂ" ಎಂದ. ಅವಳಿಗೆ ಅನುಮಾನ ಬರಬೇಕಿತ್ತು. ಏಳು ಜನ ಸಿಡುಕರ ಪುಸ್ತಕದಲ್ಲಿ ನಾಲ್ಕು ವಾರ ಒಂದೂ ನಂಬರ್ ಮೂರು ದಾಟದಿದ್ದರೆ ಯಾರಿಗಾದರೂ ಬರುತ್ತಿತ್ತು. ಆದರೆ ತಾನು ಕಲಿಸಿದ್ದು ಫಲಿಸುತ್ತಿದೆ ಎಂಬ ಖುಷಿ ದೊಡ್ಡದು, ಅದರ ಮುಂದೆ ಅನುಮಾನ ಬಾಯಿಬಿಡಲಿಲ್ಲ. ಎಂಟು ವಾರ ಮುಗಿದ ಮೇಲೆ ಅವಳೇ ಆದಿಲಕ್ಷ್ಮಿಗೆ ಫೋನ್ ಮಾಡಿದಳು. ತುಂಬಾ ಇಂಪ್ರೂವ್ ಆಗಿದ್ದಾರೆ, ಧೈರ್ಯವಾಗಿ ಬನ್ನಿ ಎಂದಳು.

ಆದಿಲಕ್ಷ್ಮಿ ಧೈರ್ಯವಾಗಿ ಬಂದಳು.

ಒಂಬತ್ತು ದಿನ ಮನೆ ಹಬ್ಬದಂತಿತ್ತು. ಮುನಿರಾಜಪ್ಪ ತರಕಾರಿ ಹೆಚ್ಚಿದ, ಮಗಳ ಶೂ ಪಾಲಿಶ್ ಮಾಡಿದ. ಹತ್ತನೆಯ ದಿನ ಬೆಳಿಗ್ಗೆ ಏಳೂವರೆಗೆ ಹಾಲ್ ಒರೆಸಿ, ಬಕೆಟ್ ಪಕ್ಕಕ್ಕಿಟ್ಟು, "ಒದ್ದೆ ಇದೆ, ಯಾರೂ ಕಾಲಿಡ್ಬೇಡಿ" ಎಂದ. ತೇಜಶ್ರೀಗೆ ಕಾಲೇಜಿಗೆ ಹೊತ್ತಾಗಿತ್ತು. "ಎರಡೇ ಹೆಜ್ಜೆ ಅಪ್ಪಾ" ಎಂದು ನಗುತ್ತ ಕಾಲಿಟ್ಟಳು.

ಅವಳು ಎರಡನೆಯ ಹೆಜ್ಜೆ ಇಡಲಿಲ್ಲ. ಅವನು ತೋಳು ಹಿಡಿದು ಎಳೆದ ರಭಸಕ್ಕೆ ಹೊಸ್ತಿಲಿಗೆ ಬಡಿದು ಬಿದ್ದಳು. ಮೊಣಕೈ ಮುರಿದ ಸದ್ದು ಅಡುಗೆಮನೆಗೂ ಕೇಳಿಸಿತು. ಅಷ್ಟಕ್ಕೇ ಮುಗಿದಿದ್ದರೆ ಮೂಳೆ ಕೂಡಿಕೊಳ್ಳುತ್ತಿತ್ತು, ಹೇಗೋ ಮರೆಯಬಹುದಿತ್ತು. ನೋವಿಗೆ ಅವಳು ಹೊರಳಲು ನೋಡಿದಳು. ಅವನು ಅವಳ ಎದೆಯ ಮೇಲೆ ಮಂಡಿಯೂರಿದ. "ಅಲ್ಲಾಡ್ಬೇಡ! ಇದ್ದಲ್ಲೇ ಇರು!" ಮುರಿದ ಕೈ ಅವಳ ಬೆನ್ನಡಿ ಸಿಕ್ಕಿಕೊಂಡಿತ್ತು. ಅವಳು ಕಿರುಚಿದಷ್ಟೂ ಅವನು ಭಾರ ಹಾಕಿದ. ಓಡಿ ಬಂದ ಆದಿಲಕ್ಷ್ಮಿಗೆ, "ಅಲ್ಲೇ ನಿಲ್ಲು, ಕಾಲಿಟ್ರೆ ಸಾಯ್ತಾಳೆ" ಎಂದು ಗುಡುಗಿದ. ಆದಿಲಕ್ಷ್ಮಿ ಅಡುಗೆಮನೆಯ ಬಾಗಿಲಲ್ಲಿ ಕಂಬದಂತೆ ನಿಂತಳು. ಕಾಲಿಟ್ಟರೆ ನಿಜಕ್ಕೂ ಕೊಲ್ಲುತ್ತಾನೆ ಎಂದು ಅವಳಿಗೆ ಅವನ ಕಣ್ಣಿನಲ್ಲಿ ಕಂಡಿತ್ತು. ಒರೆಸಿದ ನೆಲ ಪೂರ್ತಿ ಒಣಗುವವರೆಗೆ, ಕಾಲು ಗಂಟೆ, ಅವನು ಮೇಲೇಳಲಿಲ್ಲ. ಮಗಳು ಕಿರುಚುವುದನ್ನು ಯಾವಾಗಲೋ ನಿಲ್ಲಿಸಿದ್ದಳು.

ಸುದ್ದಿ ತಿಳಿದು ಶಿವಾಜಿನಗರದ ಆಸ್ಪತ್ರೆಗೆ ಮೊದಲು ಬಂದವರು ಚಂದ್ರಾಮಪ್ಪ. "ಜಾರಿ ಬಿದ್ಲು ಅಂತ ಹೇಳು. ಒದ್ದೆ ನೆಲ ಅಲ್ವಾ, ಯಾರಾದ್ರೂ ನಂಬ್ತಾರೆ" ಎಂದು ಕಿವಿಯಲ್ಲಿ ಹೇಳಿಕೊಟ್ಟರು. ಮುನಿರಾಜಪ್ಪ ಅವರನ್ನು ದಿಟ್ಟಿಸಿ ನೋಡಿದ. ಹನ್ನೊಂದು ವರ್ಷದಲ್ಲಿ ಕೋಪ ನ್ಯಾಯವಾಗಿ ಬರಬೇಕಾದ ಹೊತ್ತು ಅದೊಂದೇ. ಅವತ್ತು ಮಾತ್ರ ಬರಲಿಲ್ಲ.

ಬುಷ್ರಾ ಬಂದಾಗ ಅವನು ಎಲ್ಲವನ್ನೂ ಒದರಿದ. ಪ್ಲಂಬರ್, ಎದೆಯ ಮೇಲಿನ ಮಂಡಿ, ಹರಿದ ಹಾಳೆ, ಒಂಬತ್ತು.

"ಆ ಹಾಳೆ ನಾನು ನೋಡಿದ್ರೆ ಆ ಫೋನ್ ಮಾಡ್ತಿರ್ಲಿಲ್ಲ" ಎಂದಳು. ಆಮೇಲೆ, "ನಾನಾದ್ರೂ ಇನ್ನೊಂದ್ಸಲ ಕೇಳ್ಬೇಕಿತ್ತು" ಎಂದಳು. ಅವಳು ಹೇಳಿದ್ದು ಎರಡೂ ನಿಜ. ಆ ನಿಜದಿಂದ ಈಗ ಯಾರಿಗೂ ಮೂರು ಕಾಸಿನ ಪ್ರಯೋಜನವಿರಲಿಲ್ಲ.

ಮಧ್ಯಾಹ್ನ ಡಾಕ್ಟರು ಪ್ಲಾಸ್ಟರ್ ಮುಗಿಸಿ, ಕೈ ಇನ್ನು ಮುಂದೆ ಪೂರ್ತಿ ಮಡಚಲು ಬರಲಿಕ್ಕಿಲ್ಲ ಎಂದು ಆದಿಲಕ್ಷ್ಮಿಗೆ ತಿಳಿಸಿದರು. ಆಮೇಲೆ ತೇಜಶ್ರೀಗೆ, "ಎದ್ದು ಕೂತ್ಕೋಮ್ಮಾ, ಮನೆಗೆ ಹೋಗ್ಬಹುದು" ಎಂದರು. ಅವಳು ಏಳಲಿಲ್ಲ. ತಾಯಿ ಹೆಗಲಿಗೆ ಕೈ ಕೊಟ್ಟಳು, ಆಗಲೂ ಏಳಲಿಲ್ಲ. ಮೈ ಮರಗಟ್ಟಿದಂತೆ ಅಂಗಾತ ಮಲಗಿ, ಕಣ್ಣನ್ನಷ್ಟೇ ತಿರುಗಿಸಿ, ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನು ನೋಡಿದಳು.

"ಅಪ್ಪಾ, ಅಲ್ಲಾಡ್ಬಹುದಾ?"

ಡಾಕ್ಟರು ತಮಾಷೆಯೆಂದು ತಿಳಿದು ನಕ್ಕರು. ಮುನಿರಾಜಪ್ಪ ಏನೂ ಹೇಳದೆ ಅಲ್ಲಿಂದ ಓಡಿಹೋಗಬೇಕೆಂದುಕೊಂಡ. ಆದರೆ ಅವನು ಹೇಳದೆ ಅವಳು ಏಳುವುದಿಲ್ಲವೆಂದು ಅವನಿಗೂ ಗೊತ್ತಾಯಿತು, ಆದಿಲಕ್ಷ್ಮಿಗೂ ಗೊತ್ತಾಯಿತು.

"ಏಳು ಮಗಳೇ" ಎಂದ. ತೇಜಶ್ರೀ ತಟ್ಟನೆ ಎದ್ದು ಕೂತಳು. ಆದಿಲಕ್ಷ್ಮಿ ಅವಳನ್ನು ತಬ್ಬಿ ನಡೆಸಿಕೊಂಡು ಕೆ.ಆರ್. ಪುರದ ಆಟೋ ಹತ್ತಿಸಿದಳು.