ಸಬ್‌ವೂಫರ್ ಶಾಂತಾರಾಮಣ್ಣ

ಅಂಕೋಲೆಯಿಂದ ಹಣಕೋಣದವರೆಗೆ ಯಾರ ಮನೆಗೆ ಹಾಡಿನ ತಗ್ಗು ದನಿಯನ್ನು ಗುಡುಗಿಸುವ ಸಬ್‌ವೂಫರ್ ಪೆಟ್ಟಿಗೆ ಬಂದರೂ ಜೋಡಿಸಲು ಶಾಂತಾರಾಮಣ್ಣನವರನ್ನೇ ಕರೆಸಬೇಕು. ಎಲ್ಲಕ್ಕಿಂತ ದೊಡ್ಡದು ಬೇಕೆಂದು ತಮ್ಮ ಅಂಗಡಿಗೆ ಬಂದವರನ್ನು ಅವರು ಬಾಗಿಲಲ್ಲೇ ತಡೆದು, "ಕೋಣೆ ಎಷ್ಟುದ್ದ ಅದೆ, ಮೊದ್ಲು ಅದ್ನ ಹೇಳಿ" ಎನ್ನುತ್ತಾರೆ. ಮನೆಗೆ ಬಂದ ಮೇಲೆ ಅಷ್ಟು ಮಾತೂ ಇಲ್ಲ. ಯಜಮಾನರು ಕೂರುವ ಸೋಫಾದ ಮೇಲೆ ಸಬ್‌ವೂಫರನ್ನು ದೇವರಂತೆ ಕೂರಿಸಿ, ಹಾಡು ಹಚ್ಚಿ, ತಾವು ಪ್ಯಾಂಟು ಮಡಚಿಕೊಂಡು ಅಂಬೆಗಾಲಿಡುತ್ತ ಕೋಣೆಯನ್ನೆಲ್ಲ ಸುತ್ತುತ್ತಾರೆ. ಮೂಲೆ ಮೂಲೆಯಲ್ಲಿ ನೆಲಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚುತ್ತಾರೆ. ಎಲ್ಲಿ ಹೊಡೆತ ತುಂಬಿ ಬರುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರೆಂದರೆ ತೀರಿತು, ಸಬ್‌ವೂಫರ್ ಅಲ್ಲಿಗೇ ಹೋಗಬೇಕು. ಅಲ್ಲಿ ಕಪಾಟಿದೆಯೆಂದು ಮನೆಯವರು ಗೊಣಗಿದರೆ, "ಕಪಾಟು ಸರೀತದೆ, ಶಬ್ದ ಸರಿಯುದಿಲ್ಲ" ಎನ್ನುತ್ತಾರೆ. ವೈರು ಸಿಕ್ಕಿಸಿ, ಪೆಟ್ಟಿಗೆಯ ಹಿಂಬದಿಯ ಸ್ವಿಚ್ಚನ್ನು ಅತ್ತ ಇತ್ತ ಮಾಡಿ, "ಯಾವ್ದು ಗಟ್ಟಿ ಬಂತು?" ಎಂದು ಕೇಳಿ, ಉತ್ತರಿಸುವವರ ಬಾಯನ್ನೇ ದಿಟ್ಟಿಸುತ್ತಾರೆ. ಹಾಡಿದವರು ಯಾರೆಂದು ಅವರು ಈವರೆಗೆ ಒಮ್ಮೆಯೂ ಕೇಳಿದ್ದಿಲ್ಲ. ಇದೆಲ್ಲ ಕಸುಬಿನ ಗತ್ತು ಎಂದೇ ನಾವು ತಿಳಿದಿದ್ದೆವು. ಕಳೆದ ತಿಂಗಳು ಅವರನ್ನು ಕರೆಯಲು ಚಿತ್ತಾಕುಲದ ಮನೆಗೆ ಹೋದೆ. ಜಗಲಿಯ ಉದ್ದನೆಯ ಬೆಂಚಿನ ಆ ತುದಿಯಲ್ಲಿ, ನನಗೆ ಬೆನ್ನು ಹಾಕಿ ಕೂತು, ವೈರಿನ ಸಿಪ್ಪೆ ಸುಲಿಯುತ್ತಿದ್ದರು. ನಾನು ಎರಡು ಸಲ ಕೂಗಿದೆ. ಒಳಗಿನಿಂದ ಬಂದ ಅವರ ಹೆಂಡತಿ ಗೋದಾವರಿ, "ಕೂಗಿದ್ರೆ ಅವ್ರಿಗೆ ಕೇಳುದಿಲ್ಲ. ಆರು ವರ್ಷ ಆಯ್ತು" ಎಂದು ಮೆಲ್ಲಗೆ ಹೇಳಿ, ಬೆಂಚಿನ ಈ ತುದಿಯನ್ನು ಅಂಗೈಯಿಂದ ಎರಡು ಸಲ ಬಡಿದರು. ಶಾಂತಾರಾಮಣ್ಣ ತಿರುಗದೆಯೇ, "ಬಂದೆ ಗೋದಾ" ಎಂದರು.