ರವಿಕೆ ಕಣ ಕಟ್ಟಿದ ಕೇಬಲ್

ರಾಜ್ಯೋತ್ಸವದ ಹಿಂದಿನ ದಿನ ಕೇಬಲ್ಲಿನ ಪೆಟ್ಟಿಗೆ ತೆಗೆದಾಗ ತಳದಲ್ಲಿ ಹಳದಿ ಬಟ್ಟೆಚೂರು ಕಟ್ಟಿದ ಒಂದು ಸುರುಳಿ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ರಬ್ಬರು, ಸೋಲ್ಡರಿಂಗ್ ಹೊಗೆ, ಅದರಡಿಯಲ್ಲಿ ಎಲ್ಲೋ ಅರಿಶಿನ... ನಮ್ಮತ್ತೆಯ ವಾಸನೆಯೇ ಅದು.

ಅತ್ತೆ ಟಿ. ದಾಸರಹಳ್ಳಿಯಲ್ಲಿ ಸೌಂಡ್ ಸರ್ವೀಸ್ ನಡೆಸುತ್ತಿದ್ದರು. ಮಾವ ತೀರಿಕೊಂಡ ಮೇಲೆ "ಹೆಂಗಸು ಏನ್ ಸ್ಪೀಕರ್ ಹೊರ್ತಾಳೆ" ಅಂದವರ ಮನೆ ಮದುವೆಗೂ ಅವರೇ ಮೈಕ್ ಹಾಕಿದರು. ಗಟ್ಟಿಗಿತ್ತಿ! ಅರಿಶಿನ-ಕುಂಕುಮಕ್ಕೆ ಕರೆದವರು ಕೊಟ್ಟ ರವಿಕೆ ಕಣಗಳಲ್ಲಿ ಒಂದನ್ನೂ ಹೊಲಿಸುತ್ತಿರಲಿಲ್ಲ; ಉದ್ದಕ್ಕೆ ಹರಿದು ಕೇಬಲ್ಲಿಗೆ ಕಟ್ಟುತ್ತಿದ್ದರು. ಕೆಂಪು ಕಟ್ಟಿದ್ದು ಆಂಪ್ಲಿಫೈಯರಿನಿಂದ ಹಳೆಯ ಸ್ಪೀಕರ್‌ಗಳಿಗೆ ಹೋಗುವ ವೈರು. ಹಳದಿ ಕಟ್ಟಿದ್ದು ಮೈಕುಗಳ ದನಿ ಬೆರೆಸುವ ಮಿಕ್ಸರಿನಿಂದ ಬರೀ ಸಿಗ್ನಲ್ ಒಯ್ಯುವ ಕೇಬಲ್. ಎರಡಕ್ಕೂ ಮೇಲೆ ಕರಿ ರಬ್ಬರು, ತುದಿಗೆ ಒಂದೇ ಥರದ ಪಿನ್ನು. ಬಟ್ಟೆ ನೋಡಿಯೇ ನಾನು ಕೆಲಸ ಕಲಿತಿದ್ದೆ.

ಒಂದು ವರ್ಷ ನಾವು ಹೊಸ ಬೇಸ್ ಬಾಕ್ಸ್ ತಂದೆವು. ಆಂಪ್ಲಿಫೈಯರ್ ಒಳಗೇ ಇರುವಂಥದ್ದು. ನಮ್ಮ ಬೀದಿಯ ರಾಜ್ಯೋತ್ಸವದ ಆರ್ಕೆಸ್ಟ್ರಾವೇ ಅದರ ಮೊದಲ ಕೆಲಸ. ಬೇಸ್ ಸರಿಯಾಗಿ ಬರದಿದ್ದರೆ ಮುಂದಿನ ವರ್ಷದಿಂದ ಪೀಣ್ಯದ ಸೌಂಡ್ ಪಾರ್ಟಿಯನ್ನು ಕರೆಸುತ್ತೇವೆ ಎಂದು ಉತ್ಸವ ನಡೆಸುವ ಸಂಘದ ಅಧ್ಯಕ್ಷರು ಮೊದಲೇ ಹೇಳಿಬಿಟ್ಟಿದ್ದರು. ಮಾವನ ಕಾಲದಿಂದ ನಮ್ಮದೇ ಆಗಿದ್ದ ಕೆಲಸ ಅದು. ಅತ್ತೆಗೋ ಆಗಷ್ಟೇ ಕಣ್ಣಿನ ಪೊರೆ ತೆಗೆಸಿ ಕಪ್ಪು ಕನ್ನಡಕ. "ನೀನೇ ಕನೆಕ್ಷನ್ ಕೊಡವ್ವ" ಎಂದು ಮಿಕ್ಸರ್ ಪಕ್ಕ ಕುರ್ಚಿ ಹಾಕಿಕೊಂಡು ಕೂತರು.

ಕೇಬಲ್ ತೆಗೆಯಲು ಹೋದರೆ, ಅಯ್ಯೋ ಶಿವನೇ! ಅಲಂಕಾರಕ್ಕೆ ನಿಂತ ಸಂಘದವರು ಕಂಬ, ಕುರ್ಚಿ, ಮೈಕ್ ಸ್ಟ್ಯಾಂಡು ಸಾಲದೆಂದು ನಮ್ಮ ಬಟ್ಟೆಚೂರುಗಳನ್ನೆಲ್ಲ ಚಿಂದಿಯೆಂದು ಬಿಚ್ಚಿ ಎಸೆದು, ಒಂದೊಂದು ಕೇಬಲ್ಲಿಗೂ ಹಳದಿ-ಕೆಂಪು ಎರಡೂ ಬಣ್ಣದ ಹೊಸ ರಿಬ್ಬನ್ ಕಟ್ಟಿದ್ದರು. ಅವತ್ತಿನ ದಿನ ಆ ಬಣ್ಣ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ!

ದಪ್ಪನೆಯದಾದರೆ ಬೇಸ್ ಚೆನ್ನಾಗಿ ಬಂದೀತೆಂದು ಒಂದನ್ನು ಆರಿಸಿ ಚುಚ್ಚಿದೆ. ಬಾಕ್ಸ್ ಗುಂಯ್ ಎಂದು ಶುರುವಿಟ್ಟುಕೊಂಡಿತು. ಅಧ್ಯಕ್ಷರು ಫೋನ್ ಕೈಗೆತ್ತಿಕೊಂಡರು. "ಏನಮ್ಮ ಇದು, ಪೀಣ್ಯದವ್ರಿಗೆ ಈಗ್ಲೇ ಹೇಳ್ಬಿಡ್ಲಾ?"

ನನಗೆ ಅಳುವೇ ಬಂತು. ಅತ್ತೆ ಏಳಲಿಲ್ಲ. ಕೂತಲ್ಲಿಂದಲೇ ಆ ಸದ್ದು ಕೇಳಿ, "ದಪ್ಪ ಇದ್ದಿದ್ದೆಲ್ಲಾ ಒಳ್ಳೇದು ಅಂತ ಯಾರೇ ಯೋಳಿದ್ದು? ಪಿನ್ನಿನ ಟೋಪಿ ಬಿಚ್ಚು. ಒಳಗೇನೈತೆ ನೋಡು" ಎಂದರು.

ತಿರುಗಿಸಿ ಬಿಚ್ಚಿದೆ. ಒಳಗೆ ಎರಡು ದಪ್ಪ ತಂತಿ, ಅಷ್ಟೇ. ಇನ್ನೊಂದು ಕೇಬಲ್ಲಿನದು ಬಿಚ್ಚಿದೆ. ನಡುವೆ ಸಣ್ಣ ತಂತಿ, ಅದರ ಸುತ್ತ ತಾಮ್ರದ ಜಾಲರಿ. ಆಗ ತಲೆಗೆ ಹೊಳೆಯಿತು: ಈ ಬಾಕ್ಸಿಗೆ ಬಲ ಒಳಗೇ ಇದೆ, ನಾವು ಕೊಡಬೇಕಾದ್ದು ಸಣ್ಣ ಸಿಗ್ನಲ್ ಮಾತ್ರ, ಆ ಜಾಲರಿಯ ಹೊದಿಕೆಯಿಲ್ಲದಿದ್ದರೆ ಪಕ್ಕದ ಕರೆಂಟ್ ವೈರುಗಳ ಗುಂಯ್‌ಗಾಟವೆಲ್ಲ ಅದರೊಳಕ್ಕೆ ನುಗ್ಗುತ್ತದೆ. ಟೋಪಿ ಮುಚ್ಚಿ ಅದನ್ನೇ ಚುಚ್ಚಿದೆ. ನಿಶ್ಶಬ್ದ. ಆಮೇಲೆ ಹಾಡು ಬಿಟ್ಟರೆ ಎದುರು ಮನೆಯ ಕಿಟಕಿ ಗಾಜು ಅದುರಿತು.

ಅಧ್ಯಕ್ಷರು ಅತ್ತೆಯ ಹತ್ತಿರ ಹೋಗಿ, "ಸಕ್ಕತ್ತಾಗಿ ಬಂತು ಕಣಮ್ಮ. ಮುಂದಿನ ವರ್ಷಾನೂ ನೀವೇ" ಅಂದರು.

"ನನ್ನನ್ಯಾಕ್ ಕೇಳ್ತೀರಾ? ಸೌಂಡು ನಮ್ ಸೊಸೇದು."

ಇಡೀ ಬೀದಿಗೆ ಕೇಳುವ ಹಾಗೆ ಅಂದರು. ಅವರಿಗೆ ಮೈಕ್ ಬೇಕಿರಲಿಲ್ಲ. ಮೈತುಂಬ ಒಡವೆ ಹಾಕಿದ್ದರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲ. ಮರುದಿನವೇ ಹೊಸ ಕಣ ಹರಿದು ನನ್ನ ಕೈಲೇ ಕಟ್ಟಿಸಿದರು. ನನ್ನ ಗಂಟು ಸಡಿಲವೆಂದು ಬೈದು, ಬಿಚ್ಚಿ, ತಾವೇ ಬಿಗಿದರು. ಮೊನ್ನೆ ಸಿಕ್ಕಿದ್ದು ಆ ಗಂಟೇ.

ಅವರು ಹೋಗಿ ಎರಡು ವರ್ಷವಾಯಿತು. ಈಗಲೂ ಮಿಕ್ಸರ್ ಪಕ್ಕ ಒಂದು ಕುರ್ಚಿ ಹಾಕುತ್ತೇನೆ. ಅದರ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ...

ಈ ಸಲ ಬೇಸ್ ಬಾಕ್ಸಿಗೆ ಆ ಕೇಬಲ್ಲನ್ನೇ ಚುಚ್ಚಿದೆ. ಗುಂಯ್ ಅನ್ನಲಿಲ್ಲ. ಬೀದಿಗೆ ಹೊಸದಾಗಿ ಬಂದವರೊಬ್ಬರು ಹತ್ತಿರ ಬಂದು, "ಅಕ್ಕ, ಸೌಂಡ್ ಸೂಪರ್. ಯಾರ್ದು?" ಎಂದು ಕೇಳಿದರು.

"ನಮ್ಮತ್ತೇದು" ಎಂದೆ.